ಭೂಫಲಕದ ಅಂಚಿನಲ್ಲಿಲ್ಲದ ಜ್ವಾಲಾಮುಖಿಗಳ ಬೇರು ಎಷ್ಟು ಆಳದಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜ್ವಾಲಾಮುಖಿಗಳು ಭೂಫಲಕಗಳ ಅಂಚಿನಲ್ಲಿರುತ್ತವೆ ಎಂದು ಪಾಠದಲ್ಲಿ ಓದಿದ್ದೇವೆ. ಹವಾಯಿ ಪೆಸಿಫಿಕ್ ಫಲಕದ ನಟ್ಟನಡುವೆ ಏಕಿದೆ?

ಪಾಠ ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಫಲಕಗಳು ಬೇರ್ಪಡುವ ಕಡೆ ಮತ್ತು ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವ ಕಡೆ ಬಹುಪಾಲು ಜ್ವಾಲಾಮುಖಿಗಳಿವೆ. ಹವಾಯಿಗೆ ಅತಿ ಹತ್ತಿರದ ಅಂಚು ಮಾತ್ರ 3,000 ಕಿ.ಮೀ.ಗೂ ಆಚೆ ಇದೆ. ಸಹಾರಾದ ತಿಬೆಸ್ತಿ ಪರ್ವತಗಳು, ಜರ್ಮನಿಯ ಐಫೆಲ್, ಅಮೆರಿಕದ ಯೆಲ್ಲೋಸ್ಟೋನ್, ಹಿಂದೂ ಮಹಾಸಾಗರದ ರಿಯೂನಿಯನ್, ಚೀನಾ ಮತ್ತು ಉತ್ತರ ಕೊರಿಯಾ ಗಡಿಯ ಪೆಕ್ತು, ಅಟ್ಲಾಂಟಿಕ್‌ನ ಕೆನರಿ ದ್ವೀಪಗಳು ಕೂಡ ಇದೇ ಸಾಲಿಗೆ ಸೇರುತ್ತವೆ.

ಇವುಗಳನ್ನೆಲ್ಲ ಸಾರಾಸಗಟಾಗಿ ‘ಹಾಟ್‌ಸ್ಪಾಟ್’ ಎಂದು ಕರೆಯುವುದು ರೂಢಿ. ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ. ಕೆಲವುಗಳ ಬೇರು ಸುಮಾರು 2,900 ಕಿ.ಮೀ. ಆಳದಲ್ಲಿ, ಭೂಕವಚದ ಕೆಳಗಿನ ದಪ್ಪ ಬಂಡೆಪದರವಾದ ಮ್ಯಾಂಟಲ್ ಮತ್ತು ಅದರ ಕೆಳಗಿನ ಕೇಂದ್ರಗೋಳ ಸೇರುವ ಜಾಗದಲ್ಲಿದೆ. ಕೆಲವುಗಳಿಗೆ ಫಲಕದ ಅಡಿಯ ಒಂದೆರಡು ನೂರು ಕಿ.ಮೀ. ಸಾಕು. ಆದ್ದರಿಂದ ‘ಹಾಟ್‌ಸ್ಪಾಟ್ ಹೇಗೆ ಉಂಟಾಗುತ್ತದೆ’ ಎಂದು ಕೇಳುವುದಕ್ಕಿಂತ ‘ಈ ಜ್ವಾಲಾಮುಖಿ ಹೇಗೆ ಉಂಟಾಯಿತು’ ಎಂದು ಒಂದೊಂದನ್ನೇ ಹಿಡಿದು ಕೇಳುವುದು ಸರಿಯಾದ ದಾರಿ.

ಹಾಗಾದರೆ ಲಾವಾ ಭೂಮಿಯ ಕೇಂದ್ರದಿಂದ ಬರುತ್ತದೆಯೇ?

ಇಲ್ಲ. ಹೊರ ಕೇಂದ್ರಗೋಳದಲ್ಲಿರುವುದು ಕರಗಿದ ಕಬ್ಬಿಣ ಮತ್ತು ನಿಕಲ್. ಹವಾಯಿಯಲ್ಲಿ ಹರಿಯುವುದು ಬಸಾಲ್ಟ್, ಅಂದರೆ ಸಿಲಿಕೇಟ್ ಬಂಡೆಯ ಕರಗಿದ ರೂಪ. ಆಳದಿಂದ ಬರುವುದು ಶಾಖ. ಅದನ್ನು ಹೊತ್ತು ತರುವುದು ಮ್ಯಾಂಟಲ್‌ನ ಘನ ಬಂಡೆ. ಆ ಬಂಡೆ ದಾರಿಯುದ್ದಕ್ಕೂ ಘನವಾಗಿಯೇ ಇದ್ದು, ಕೊನೆಯ 100–150 ಕಿ.ಮೀ.ಯಲ್ಲಷ್ಟೇ ಭಾಗಶಃ ಕರಗುತ್ತದೆ.

ಭೂಕವಚದ ಕೆಳಗೆ ಲಾವಾದ ಕಡಲೇ ಇದೆ ಎಂಬ ನಂಬಿಕೆ ಬಹಳ ಗಟ್ಟಿ. ದ್ವಿತೀಯಕ ಭೂಕಂಪನ ಅಲೆಗಳು, ಅಂದರೆ ಎಸ್ ಅಲೆಗಳು, ದ್ರವದಲ್ಲಿ ಸಾಗಲಾರವು. ಅವು ಮ್ಯಾಂಟಲ್‌ನ ಉದ್ದಗಲಕ್ಕೂ ಸಾಗಿ ಬರುತ್ತವೆ. ಆ ನಂಬಿಕೆಯನ್ನು ಬಿಡಲು ಇಷ್ಟು ಸಾಕು.

ಘನ ಬಂಡೆ ಮೇಲೇರುವುದು ಎಂದರೇನು?

ಹಿಮನದಿ ಗಟ್ಟಿಯಾಗಿದ್ದೂ ಹರಿಯುವಂತೆ. ಹೆಚ್ಚಿನ ಉಷ್ಣತೆಯಲ್ಲಿ ಖನಿಜ ಹರಳುಗಳೊಳಗಿನ ಪರಮಾಣು ಸಾಲುಗಳ ದೋಷಗಳು ಸರಿಯುತ್ತಾ ಬಂಡೆ ನಿಧಾನವಾಗಿ ಆಕಾರ ಬದಲಿಸುತ್ತದೆ. ಸುತ್ತಲಿಗಿಂತ ಬಿಸಿಯಾದ ಬಂಡೆ ಹಿಗ್ಗಿ ಹಗುರಾಗುತ್ತದೆ, ಹಗುರಾದದ್ದು ಏರುತ್ತದೆ. ವರ್ಷಕ್ಕೆ 10 ಸೆಂ.ಮೀ. ಏರಿತು ಎಂದಿಟ್ಟುಕೊಂಡರೆ 2,800 ಕಿ.ಮೀ. ಕ್ರಮಿಸಲು 2.8 ಕೋಟಿ ವರ್ಷ ಬೇಕು.

ಏರುವಾಗ ಯಾರೂ ಕಾಯಿಸುವುದಿಲ್ಲವಲ್ಲ, ಬಂಡೆ ಕರಗುವುದು ಹೇಗೆ?

ಒತ್ತಡ ಇಳಿಯುವುದರಿಂದ. ಒತ್ತಡ ಹೆಚ್ಚಿದ್ದಷ್ಟೂ ಬಂಡೆ ಕರಗಲು ಹೆಚ್ಚು ಉಷ್ಣತೆ ಬೇಕು. ಏರುವ ಬಂಡೆ ಕಿ.ಮೀ.ಗೆ ಅರ್ಧ ಡಿಗ್ರಿಗಿಂತ ಕಡಿಮೆ ತಣಿಯುತ್ತದೆ. ಅದೇ ದೂರದಲ್ಲಿ ಅದರ ಕರಗುವ ಬಿಂದು ಮೂರು-ನಾಲ್ಕು ಡಿಗ್ರಿ ಇಳಿಯುತ್ತದೆ. ಎಲ್ಲೋ ಒಂದು ಕಡೆ ಇವೆರಡೂ ಸಂಧಿಸುತ್ತವೆ, ಕರಗುವಿಕೆ ಅಲ್ಲಿಂದ ಆರಂಭ.

ಲೆಕ್ಕ ಹಾಕಿ ನೋಡಿ. ಮ್ಯಾಂಟಲ್‌ನ ಮುಖ್ಯ ಬಂಡೆಯಾದ ಪೆರಿಡೋಟೈಟ್, ನೀರಿನಂಶ ಇಲ್ಲದಿದ್ದರೆ, ನೆಲಮಟ್ಟದ ಒತ್ತಡದಲ್ಲಿ ಸುಮಾರು 1,120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. 100 ಕಿ.ಮೀ. ಆಳದಲ್ಲಿ ಅದಕ್ಕೆ ಸುಮಾರು 1,470 ಡಿಗ್ರಿ ಬೇಕು. ಸಾಮಾನ್ಯ ಮ್ಯಾಂಟಲ್ ಆ ಆಳದಲ್ಲಿ 1,390 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅಂದರೆ 80 ಡಿಗ್ರಿ ಕಡಿಮೆ. ಅದು ಕರಗಬೇಕಾದರೆ 65–70 ಕಿ.ಮೀ.ವರೆಗೆ ಏರಬೇಕು. ಸಾಗರಮಧ್ಯದ ಏಣುಗಳಲ್ಲಿ ಫಲಕಗಳು ಬೇರ್ಪಟ್ಟು ಜಾಗ ಬಿಡುವುದರಿಂದ ಅಷ್ಟು ಮೇಲಕ್ಕೆ ಏರಬಹುದು. ಹವಾಯಿಯ ಅಡಿಯಲ್ಲಿ ಮಾತ್ರ ಸುಮಾರು 9 ಕೋಟಿ ವರ್ಷ ಹಳೆಯ, 90–100 ಕಿ.ಮೀ. ದಪ್ಪದ ಶಿಲಾಗೋಳ, ಅಂದರೆ ಫಲಕದ ಗಟ್ಟಿ ಬಂಡೆ, ಮುಚ್ಚಳದಂತೆ ಕುಳಿತಿದೆ. ಸಾಮಾನ್ಯ ಮ್ಯಾಂಟಲ್ ಅದರ ಅಡಿಗೆ ಬಂದು ತಾಗಿದರೂ ಕರಗುವುದಿಲ್ಲ.

ಈಗ 200 ಡಿಗ್ರಿ ಹೆಚ್ಚು ಬಿಸಿಯ ಬಂಡೆಯನ್ನು ತನ್ನಿ. ಅದು 140 ಕಿ.ಮೀ. ಆಳದಲ್ಲೇ ಕರಗತೊಡಗುತ್ತದೆ. 100 ಕಿ.ಮೀ.ಗೆ ಬರುವ ಹೊತ್ತಿಗೆ ಕರಗುವ ಬಿಂದುವನ್ನು ನೂರಕ್ಕೂ ಹೆಚ್ಚು ಡಿಗ್ರಿ ದಾಟಿರುತ್ತದೆ. ದಪ್ಪ ಫಲಕದ ನಡುವೆ ದೊಡ್ಡ ಜ್ವಾಲಾಮುಖಿ ಏಳಬೇಕಾದರೆ ಒಂದೋ ಹೆಚ್ಚುವರಿ ಶಾಖ ಬೇಕು, ಇಲ್ಲವೇ ಕರಗುವ ಬಿಂದುವನ್ನು ಇಳಿಸುವ ನೀರು ಅಥವಾ ಇಂಗಾಲದ ಡೈಆಕ್ಸೈಡ್ ಬೇಕು, ಅದೂ ಇಲ್ಲವಾದರೆ ಮುಚ್ಚಳವೇ ತೆಳ್ಳಗಿರಬೇಕು. ಈ ಪುಟದ ಮಿಕ್ಕ ಉತ್ತರಗಳೆಲ್ಲ ಈ ಮೂರರಲ್ಲಿ ಒಂದಕ್ಕೆ ಬಂದು ನಿಲ್ಲುತ್ತವೆ.

ಪೂರ್ತಿ ಬಂಡೆ ಕರಗಿ ನೀರಾಗುತ್ತದೆಯೇ?

ಇಲ್ಲ, ಕೆಲವೇ ಶೇಕಡಾ. ಕಡಿಮೆ ಕರಗಿದಾಗ ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿರುವ ಕ್ಷಾರೀಯ ಬಸಾಲ್ಟ್ ಸಿಗುತ್ತದೆ. ಹೆಚ್ಚು ಕರಗಿದಾಗ ಥೋಲಿಯೈಟ್ ಎಂಬ ಬಗೆಯ ಬಸಾಲ್ಟ್. ಹವಾಯಿಯ ಒಂದೊಂದು ಜ್ವಾಲಾಮುಖಿಯೂ ಹುಟ್ಟುವಾಗ ಕ್ಷಾರೀಯ, ನಡುವಯಸ್ಸಿನಲ್ಲಿ ಥೋಲಿಯೈಟ್, ಶಾಖದ ಮೂಲದಿಂದ ದೂರ ಸರಿದಾಗ ಮತ್ತೆ ಕ್ಷಾರೀಯ. ಅದರ ಒಡಲಿನ 95 ಶೇಕಡಾಕ್ಕೂ ಹೆಚ್ಚು ಭಾಗ ಕಟ್ಟಿಕೊಳ್ಳುವುದು ಆ ನಡುವಿನ ಹಂತದಲ್ಲೇ.

‘ಪ್ಲೂಮ್’ ಎಂದರೇನು? ಅದು ಎಲ್ಲಿ ಹುಟ್ಟುತ್ತದೆ?

ಚಲಿಸುವ ಫಲಕದ ಅಡಿಯಲ್ಲಿ ನಿಂತ ಶಾಖದ ಮೂಲವೊಂದು ಹವಾಯಿಯ ದ್ವೀಪಸಾಲನ್ನು ಕಟ್ಟಿತು ಎಂದು 1963ರಲ್ಲಿ ಸೂಚಿಸಿದವರು ಕೆನಡಾದ ಜೆ. ಟೂಜೊ ವಿಲ್ಸನ್. ಆ ಮೂಲ ಮ್ಯಾಂಟಲ್‌ನ ತಳದಿಂದ ಏರುವ ಬಿಸಿ ಕಂಬ ಎಂದು 1971ರಲ್ಲಿ ವಾದ ಮುಂದಿಟ್ಟವರು ಡಬ್ಲ್ಯೂ. ಜೇಸನ್ ಮಾರ್ಗನ್. ಆ ಕಂಬವೇ ಪ್ಲೂಮ್.

ಮ್ಯಾಂಟಲ್ ತಳದಲ್ಲೇ ಏಕೆ ಎಂದರೆ, ಅಲ್ಲಿ ಕೆಲವು ನೂರು ಕಿ.ಮೀ. ದಪ್ಪದ ಪದರದೊಳಗೆ ಉಷ್ಣತೆ ಸಾವಿರ ಡಿಗ್ರಿಗೂ ಹೆಚ್ಚು ಜಿಗಿಯುತ್ತದೆ. ಕೆಳಗಿನ ದ್ರವ ಕಬ್ಬಿಣ ಈ ಪದರವನ್ನು ಸದಾ ಕಾಯಿಸುತ್ತಿರುತ್ತದೆ. ಹಗುರಾದ ಭಾಗ ಗುಂಪುಗೂಡಿ, ಉಬ್ಬಿ, ಕಿತ್ತುಕೊಂಡು ಮೇಲೇರುತ್ತದೆ. ಪ್ರಯೋಗಾಲಯದ ದಪ್ಪ ದ್ರವಗಳಲ್ಲಿ ನೋಡಿದರೆ ಮೊದಲು ದೊಡ್ಡ ತಲೆ, ಅದರ ಹಿಂದೆ ತೆಳ್ಳನೆಯ ಬಾಲ. ತಲೆ ಫಲಕದ ಅಡಿಗೆ ಬಂದು ಹರಡಿದಾಗ ಅಲ್ಪಕಾಲದಲ್ಲಿ ಅಗಾಧ ಪ್ರಮಾಣದ ಲಾವಾ ಹೊರಬರುತ್ತದೆ. ಬಾಲ ಮುಂದೆ ಕೋಟ್ಯಂತರ ವರ್ಷ ಒಂದೊಂದೇ ಜ್ವಾಲಾಮುಖಿಯನ್ನು ಕಟ್ಟುತ್ತಾ ಹೋಗುತ್ತದೆ.

ದಖನ್ ಪ್ರಸ್ಥಭೂಮಿಗೂ ರಿಯೂನಿಯನ್ ದ್ವೀಪಕ್ಕೂ ಸಂಬಂಧವಿದೆಯಂತೆ. ಹೇಗೆ?

ತಲೆ ಮತ್ತು ಬಾಲ ಎರಡಕ್ಕೂ ಒಳ್ಳೆಯ ಉದಾಹರಣೆ ಇದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಪಶ್ಚಿಮ ಭಾಗ ಈಗಿನ ರಿಯೂನಿಯನ್ ತಾಣದ ಮೇಲಿತ್ತು. ಆಗ ಹರಿದ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿಕೊಂಡಿದೆ, ಪಶ್ಚಿಮ ಘಟ್ಟದ ಕೆಲವೆಡೆ ಪದರಗಳ ಒಟ್ಟು ದಪ್ಪ 2 ಕಿ.ಮೀ. ಮೀರುತ್ತದೆ. ಭಾರತ ಉತ್ತರಕ್ಕೆ ಸರಿಯುತ್ತಿದ್ದಂತೆ ತಾಣವು ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಅಡಿಯ ಏಣನ್ನು ಕಟ್ಟಿತು. ದಕ್ಷಿಣಕ್ಕೆ ಹೋದಂತೆ ವಯಸ್ಸು ಕಡಿಮೆ. ನಡುವೆ ಸಾಗರಮಧ್ಯದ ಏಣೇ ಈ ತಾಣವನ್ನು ದಾಟಿ ಹೋದದ್ದರಿಂದ ಜಾಡು ಎರಡು ಫಲಕಗಳಿಗೆ ಹಂಚಿಹೋಗಿದೆ. ಮಾರಿಷಸ್ ಮತ್ತು ರಿಯೂನಿಯನ್ ಆಫ್ರಿಕಾ ಕಡೆಯ ಫಲಕದಲ್ಲಿವೆ. ನಕ್ಷೆಯಲ್ಲಿ ಜಾಡು ತುಂಡಾಗಿ ಕಾಣುವುದು ಈ ಕಾರಣಕ್ಕೆ. ರಿಯೂನಿಯನ್‌ನ ಪಿತೋಂ ದ ಲಾ ಫುರ್ನೇಸ್ ಈಗಲೂ ಜಗತ್ತಿನ ಅತಿ ಚಟುವಟಿಕೆಯ ಜ್ವಾಲಾಮುಖಿಗಳಲ್ಲಿ ಒಂದು.

ಮ್ಯಾಂಟಲ್ ತಳದಲ್ಲಿ ಎರಡು ದೈತ್ಯ ರಾಶಿಗಳಿವೆ ಎಂದು ಕೇಳಿದ್ದೇವೆ. ನಿಜವೇ?

ನಿಜ. ಒಂದು ಆಫ್ರಿಕಾದ ಅಡಿಯಲ್ಲಿ, ಇನ್ನೊಂದು ಪೆಸಿಫಿಕ್‌ನ ಅಡಿಯಲ್ಲಿ. ಒಂದೊಂದೂ ಖಂಡದಷ್ಟು ಅಗಲ, ತಳದಿಂದ ನೂರಾರು ಕಿ.ಮೀ. ಎತ್ತರ. ಅವುಗಳೊಳಗೆ ಎಸ್ ಅಲೆಗಳು ಕೆಲವು ಶೇಕಡಾ ನಿಧಾನವಾಗುತ್ತವೆ. ಹಾಟ್‌ಸ್ಪಾಟ್‌ಗಳಲ್ಲಿ ಬಹಳಷ್ಟು ಈ ಎರಡು ರಾಶಿಗಳ ಮೇಲೆ ಅಥವಾ ಅಂಚಿನ ಮೇಲೆ ಬೀಳುತ್ತವೆ. ತಳದಲ್ಲೇ ಅಂಟಿಕೊಂಡಂತೆ ಇನ್ನೂ ತೆಳುವಾದ, ಹೆಚ್ಚೆಂದರೆ ಕೆಲವು ಹತ್ತು ಕಿ.ಮೀ. ದಪ್ಪದ ತೇಪೆಗಳಿವೆ. ಅಲ್ಲಿ ಎಸ್ ಅಲೆಯ ವೇಗ 10ರಿಂದ 30 ಶೇಕಡಾ ಕುಸಿಯುತ್ತದೆ. ಹವಾಯಿ, ಐಸ್‌ಲ್ಯಾಂಡ್, ಸಮೋವಾಗಳ ಅಡಿಯಲ್ಲಿ ಇಂಥ ದೊಡ್ಡ ತೇಪೆಗಳು ಸಿಕ್ಕಿವೆ.

ಈ ರಾಶಿಗಳು ಬರೀ ಬಿಸಿಯೋ, ಅಥವಾ ಬೇರೆಯದೇ ಪದಾರ್ಥವೋ ಎಂಬ ಚರ್ಚೆ ಮುಗಿದಿಲ್ಲ. ಅಂಚುಗಳು ಕತ್ತರಿಸಿದಷ್ಟು ಚೂಪಾಗಿರುವುದು ಪದಾರ್ಥವೇ ಬೇರೆ ಎಂಬ ಕಡೆಗೆ ತೂಗುತ್ತದೆ. ಶಾಖ ಒಂದೇ ಕಾರಣವಾಗಿದ್ದರೆ ಅಂಚು ಮಸುಕಾಗಿರಬೇಕಿತ್ತು.

ಮನುಷ್ಯ ಕೊರೆದ ಅತಿ ಆಳದ ರಂಧ್ರ 12 ಕಿ.ಮೀ. 2,900 ಕಿ.ಮೀ. ಆಳದ ಸಂಗತಿ ಹೇಗೆ ಗೊತ್ತಾಗುತ್ತದೆ?

ರಷ್ಯಾದ ಕೋಲಾ ರಂಧ್ರದ ಆಳ 12,262 ಮೀಟರ್. ಅದಕ್ಕಿಂತ ಕೆಳಗಿನದ್ದೆಲ್ಲ ಭೂಕಂಪನ ಅಲೆಗಳ ಸಮಯ ಲೆಕ್ಕದಿಂದಲೇ ಗೊತ್ತಾಗಬೇಕು. ಕೆಲಸ ಹೀಗೆ ನಡೆಯುತ್ತದೆ.

ಮೊದಲು ಸಂಶಯವಿರುವ ತಾಣದ ಸುತ್ತ ಭೂಕಂಪನ ಮಾಪಕಗಳನ್ನು ಹರಡಬೇಕು. ದ್ವೀಪವಾದರೆ ಸಮುದ್ರದ ತಳದಲ್ಲೇ ಇಡಬೇಕು. ಹವಾಯಿಯ ಸುತ್ತ 2005ರಿಂದ 2007ರವರೆಗೆ ಹೀಗೆ ಇಟ್ಟರು. ರಿಯೂನಿಯನ್ ಸುತ್ತ 2012–13ರಲ್ಲಿ ಫ್ರೆಂಚ್ ಮತ್ತು ಜರ್ಮನ್ ತಂಡ 57 ಉಪಕರಣಗಳನ್ನು ಇಳಿಸಿತು. ಹಡಗಿನಿಂದ ಬಿಟ್ಟ ಉಪಕರಣ ಭಾರದಿಂದ ಮುಳುಗುತ್ತದೆ, ಸುಮಾರು ಒಂದು ವರ್ಷ ದಾಖಲಿಸುತ್ತದೆ. ಕೊನೆಗೆ ಹಡಗು ಧ್ವನಿ ಸಂಕೇತ ಕಳಿಸಿದಾಗ ಭಾರವನ್ನು ಕಳಚಿಕೊಂಡು ತೇಲಿ ಬರುತ್ತದೆ. ಎಲ್ಲವೂ ಬರುವುದಿಲ್ಲ.

ಆಮೇಲೆ ಸಾವಿರಾರು ಕಿ.ಮೀ. ಆಚೆಯ ದೊಡ್ಡ ಭೂಕಂಪಗಳಿಗೆ ಕಾಯಬೇಕು. ಆ ಅಲೆಗಳು ಆಳಕ್ಕಿಳಿದು, ತಿರುಗಿ, ತಾಣದ ಅಡಿಯಿಂದ ಮೇಲೆ ಬರುತ್ತವೆ. ಬಿಸಿ ಬಂಡೆಯ ಮೂಲಕ ಬಂದ ಅಲೆ ಲೆಕ್ಕಕ್ಕಿಂತ ಒಂದೆರಡು ಸೆಕೆಂಡ್ ತಡವಾಗಿ ತಲುಪುತ್ತದೆ. ಬೇರೆ ಬೇರೆ ದಿಕ್ಕಿನಿಂದ ಬಂದ ಸಾವಿರಾರು ಅಲೆಗಳ ತಡವನ್ನು ಒಟ್ಟಿಗೆ ಬಿಡಿಸಿದರೆ ಎಲ್ಲೆಲ್ಲಿ ವೇಗ ಕಡಿಮೆ ಎಂಬ ಮೂರು ಆಯಾಮದ ನಕ್ಷೆ ಸಿಗುತ್ತದೆ. ಇದೇ ಸೀಸ್ಮಿಕ್ ಟೊಮೊಗ್ರಫಿ.

ಅದರಲ್ಲಿ ಏನೇನು ಕೆಡುತ್ತದೆ?

ಗಡಿಯಾರದಿಂದಲೇ ಶುರು. ನೀರಿನಡಿ ಜಿಪಿಎಸ್ ಸಂಕೇತ ತಲುಪುವುದಿಲ್ಲ, ಉಪಕರಣದ ಒಳಗಿನ ಗಡಿಯಾರ ವರ್ಷದಲ್ಲಿ ಸೆಕೆಂಡಿನ ಮಟ್ಟಿಗೆ ಜಾರಬಹುದು. ಹುಡುಕುತ್ತಿರುವ ತಡವೇ ಒಂದೆರಡು ಸೆಕೆಂಡ್! ಇಳಿಸುವ ಮೊದಲು ಮತ್ತು ಎತ್ತಿದ ಮೇಲೆ ಜಿಪಿಎಸ್ ಜೊತೆ ಹೋಲಿಸಿ, ನಡುವಿನ ಜಾರುವಿಕೆ ಸಮವಾಗಿತ್ತು ಎಂದು ಭಾವಿಸಿ ತಿದ್ದುತ್ತಾರೆ. ಬ್ಯಾಟರಿ ಮೊದಲೇ ಮುಗಿದಿದ್ದರೆ ಆ ತಿದ್ದುಪಡಿಯೂ ಕೈತಪ್ಪುತ್ತದೆ. ಉಪಕರಣ ತಳದಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ಕುಳಿತಿದೆ ಎಂಬುದೂ ಗೊತ್ತಿರುವುದಿಲ್ಲ. ಅದನ್ನು ಬಂದ ಅಲೆಗಳಿಂದಲೇ ಹಿಂದಕ್ಕೆ ಲೆಕ್ಕ ಹಾಕಬೇಕು.

ಎರಡನೆಯ ತೊಡಕು ಭೌತಶಾಸ್ತ್ರದ್ದು. ಪ್ಲೂಮ್‌ನ ಬಾಲ ನೂರು-ಇನ್ನೂರು ಕಿ.ಮೀ. ಅಗಲದ್ದಾದರೆ ಅಲೆ ಅದರ ಎರಡೂ ಬದಿಯಿಂದ ಬಾಗಿ ಮುಂದೆ ಹೋಗಿ ಕೂಡಿಕೊಳ್ಳುತ್ತದೆ, ಆದ ತಡ ದಾರಿಯಲ್ಲೇ ಅಳಿಸಿಹೋಗುತ್ತದೆ. ಪ್ಲೂಮ್ ಅಲ್ಲಿದ್ದರೂ ಸರಳ ವಿಧಾನಕ್ಕೆ ಕಾಣುವುದಿಲ್ಲ. 2015ರಲ್ಲಿ ಬರ್ಕ್ಲಿಯ ಸ್ಕಾಟ್ ಫ್ರೆಂಚ್ ಮತ್ತು ಬಾರ್ಬರಾ ರೊಮಾನೊವಿಚ್ ತಲುಪಿದ ಸಮಯವನ್ನಷ್ಟೇ ನೋಡದೆ ಕಂಪನದ ಪೂರ್ತಿ ಆಕಾರವನ್ನೇ ಸೂಪರ್‌ಕಂಪ್ಯೂಟರಿನಲ್ಲಿ ಹೊಂದಿಸಿದರು. ಹಲವು ಹಾಟ್‌ಸ್ಪಾಟ್‌ಗಳ ಅಡಿಯಲ್ಲಿ ತಳದವರೆಗೆ ಇಳಿಯುವ ಕಂಬಗಳು ಕಂಡವು. ಅವು ನಿರೀಕ್ಷೆಗಿಂತ ಬಹಳ ದಪ್ಪ, 600ರಿಂದ 1,000 ಕಿ.ಮೀ. ಅಗಲ. ಸುಮಾರು 1,000 ಕಿ.ಮೀ. ಆಳದವರೆಗೆ ನೇರವಾಗಿ ಏರಿ, ಅಲ್ಲಿಂದ ಮೇಲೆ ಬಾಗಿ ತೆಳ್ಳಗಾಗುತ್ತವೆ. ಬರೀ ಶಾಖದ ಕಂಬ ಅಷ್ಟು ದಪ್ಪ ಇರಬಾರದು. ಅದರಲ್ಲಿ ಭಾರದ ಪದಾರ್ಥವೂ ಬೆರೆತಿರಬಹುದು ಎಂಬ ಊಹೆಗೆ ಇದು ಬಲ ಕೊಟ್ಟಿತು.

ಕೆಂಪು-ನೀಲಿ ಬಣ್ಣದ ಆ ನಕ್ಷೆಗಳನ್ನು ನೋಡುವಾಗ ಏನನ್ನು ಗಮನಿಸಬೇಕು?

ಬಣ್ಣದ ಪಟ್ಟಿಯನ್ನು ಮೊದಲು ನೋಡಿ. ಅದೇ ದತ್ತಾಂಶದಲ್ಲಿ 0.3 ಶೇಕಡಾ ವ್ಯತ್ಯಾಸಕ್ಕೂ ಕಡುಕೆಂಪು ಹಚ್ಚಬಹುದು, 3 ಶೇಕಡಾಕ್ಕೂ ಹಚ್ಚಬಹುದು. ಕೆಂಪು ಎಂದರೆ ಅಲೆ ನಿಧಾನ ಎಂದಷ್ಟೇ ಅರ್ಥ. ಅದು ಬಿಸಿಯಿಂದಾಗಿರಬಹುದು, ಸ್ವಲ್ಪ ಕರಗಿದ್ದರಿಂದ ಆಗಿರಬಹುದು, ನೀರಿನಂಶದಿಂದಲೂ ಬಂಡೆಯ ಸಂಯೋಜನೆಯಿಂದಲೂ ಆಗಿರಬಹುದು.

ಆಮೇಲೆ ಚೌಕಾಬಾರಾ ಪರೀಕ್ಷೆಯ ಚಿತ್ರ ಇದೆಯೇ ನೋಡಿ. ವಿಜ್ಞಾನಿಗಳು ಕೆಂಪು-ನೀಲಿ ಚೌಕಗಳ ಕಾಲ್ಪನಿಕ ಭೂಮಿಯೊಂದನ್ನು ಕಂಪ್ಯೂಟರಿಗೆ ಕೊಟ್ಟು, ಇರುವ ಮಾಪಕಗಳು ಮತ್ತು ಇರುವ ಭೂಕಂಪಗಳಿಂದಲೇ ಅದನ್ನು ಮರಳಿ ಪಡೆಯಲು ಆಗುತ್ತದೆಯೇ ಎಂದು ನೋಡುತ್ತಾರೆ. ಚೌಕಗಳು ಮೇಲಿಂದ ಕೆಳಕ್ಕೆ ಎಳೆದಂತೆ ಕಲಸಿಹೋಗಿದ್ದರೆ ಅಲ್ಲಿ ಕಾಣುವ ಉದ್ದನೆಯ ಕಂಬವನ್ನು ನಂಬಬೇಡಿ. ಅಲೆಗಳೆಲ್ಲ ಹೆಚ್ಚುಕಡಿಮೆ ಲಂಬವಾಗಿ ಬಂದಾಗ ಮೇಲಿನ ಒಂದು ಸಣ್ಣ ಬಿಸಿ ಪ್ರದೇಶವೂ ಆಳದ ಕಂಬದಂತೆ ತೋರುತ್ತದೆ. ಎಷ್ಟೋ ‘ಪ್ಲೂಮ್ ಪತ್ತೆ’ಗಳು ಬಿದ್ದದ್ದು ಇದೇ ಗುಂಡಿಗೆ.

ಲಾವಾದ ಕಲ್ಲನ್ನೇ ಪರೀಕ್ಷಿಸಿ ಆಳವನ್ನು ಹೇಳಬಹುದೇ?

ಆಳ ಇಷ್ಟೇ ಕಿ.ಮೀ. ಎಂದು ಹೇಳಲಾಗದು. ಆದರೆ ಈ ಪದಾರ್ಥ ಮೇಲಿನ ಮ್ಯಾಂಟಲ್‌ನದ್ದಲ್ಲ ಎಂದು ಹೇಳಬಹುದು. ಅತ್ಯಂತ ಬಳಕೆಯ ಸಾಧನ ಹೀಲಿಯಂ. ಹೀಲಿಯಂ-3 ಭೂಮಿ ರೂಪುಗೊಂಡಾಗ ಸೇರಿಕೊಂಡದ್ದು. ಹೀಲಿಯಂ-4 ಯುರೇನಿಯಂ ಮತ್ತು ಥೋರಿಯಂ ಕ್ಷಯದಿಂದ ಈಗಲೂ ಹುಟ್ಟುತ್ತಿದೆ. ಗಾಳಿಯಲ್ಲಿ ಹೀಲಿಯಂ-4ಕ್ಕೆ ಹೀಲಿಯಂ-3 ಇರುವ ಅನುಪಾತವನ್ನು 1 ಎಂದಿಟ್ಟುಕೊಂಡರೆ ಸಾಗರಮಧ್ಯದ ಏಣಿನ ಬಸಾಲ್ಟ್‌ಗಳಲ್ಲಿ ಅದು ಎಲ್ಲೆಡೆ 8ರ ಆಸುಪಾಸು. ಹವಾಯಿಯ ಸಮುದ್ರದಡಿಯ ಜ್ವಾಲಾಮುಖಿ ಕಾಮಎಹುಅಕನಲೋವಾದಲ್ಲಿ 30 ದಾಟುತ್ತದೆ, ಕೆನಡಾದ ಬ್ಯಾಫಿನ್ ದ್ವೀಪದ ಹಳೆಯ ಲಾವಾದಲ್ಲಿ 50 ದಾಟಿದೆ. ಕೋಟ್ಯಂತರ ವರ್ಷ ಕಲಕಿಹೋಗದೆ, ಅನಿಲ ಕಳೆದುಕೊಳ್ಳದೆ ಉಳಿದ ಮೂಲೆಯೊಂದು ಆಳದಲ್ಲಿದೆ ಎಂಬುದಕ್ಕೆ ಇದು ಸುಳಿವು.

ಅಳೆಯುವ ಬಗೆ ಇದು: ಕಲ್ಲನ್ನು ಪುಡಿಮಾಡಿ ಹಸಿರು ಒಲಿವೀನ್ ಹರಳುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸಬೇಕು. ಅವನ್ನು ನಿರ್ವಾತದಲ್ಲಿ ಜಜ್ಜಿದರೆ ಒಳಗಿನ ಸೂಕ್ಷ್ಮ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಅನಿಲ ಹೊರಬರುತ್ತದೆ, ಅದನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಡಬೇಕು. ಕರಗಿಸಬಾರದು, ಜಜ್ಜಬೇಕು. ಬಿಸಿಲಿಗೆ ಬಿದ್ದ ಕಲ್ಲಿನ ಹರಳುಗಳೊಳಗೆ ಕಾಸ್ಮಿಕ್ ಕಿರಣಗಳೂ ಹೀಲಿಯಂ-3 ಹುಟ್ಟಿಸುತ್ತವೆ. ಕರಗಿಸಿದರೆ ಅದೂ ಸೇರಿ, ಇಲ್ಲದ ಪ್ಲೂಮ್ ಇದ್ದಂತೆ ಕಾಣುತ್ತದೆ. ಈ ಕಾರಣಕ್ಕೆ ಮಾದರಿಯನ್ನು ರಸ್ತೆ ಕಡಿದ ಜಾಗದಿಂದಲೋ ಕಲ್ಲುಗಣಿಯ ಒಳಗಿನಿಂದಲೋ ತೆಗೆಯುವುದು ಜಾಣತನ. ಹಳೆಯ ಕಲ್ಲಾದರೆ ಅದರಲ್ಲೇ ಹುಟ್ಟಿದ ಹೀಲಿಯಂ-4 ಅನುಪಾತವನ್ನು ಕೆಳಕ್ಕೆಳೆಯುತ್ತದೆ.

ಇದಕ್ಕಿಂತ ಬೆರಗಿನದು ಟಂಗ್‌ಸ್ಟನ್-182. ಅದರ ಜನಕ ಹಾಫ್ನಿಯಂ-182ರ ಅರ್ಧಾಯು ಸುಮಾರು 90 ಲಕ್ಷ ವರ್ಷ. ಅಂದರೆ ಸೌರವ್ಯೂಹದ ಮೊದಲ ಕೆಲವು ಕೋಟಿ ವರ್ಷಗಳಲ್ಲೇ ಅದು ಮುಗಿದುಹೋಯಿತು. ಹವಾಯಿ ಮತ್ತು ಸಮೋವಾದ ಲಾವಾಗಳಲ್ಲಿ ಟಂಗ್‌ಸ್ಟನ್-182 ಹತ್ತು ಲಕ್ಷಕ್ಕೆ ಕೆಲವು ಭಾಗ ಕಡಿಮೆ ಇದೆ ಎಂದು 2017ರಲ್ಲಿ ವರದಿಯಾಯಿತು. 450 ಕೋಟಿ ವರ್ಷ ಹಳೆಯ ಗುರುತು ಇವತ್ತಿನ ಲಾವಾದಲ್ಲಿ ಉಳಿದಿದೆ! ಕೇಂದ್ರಗೋಳದೊಡನೆ ಸ್ವಲ್ಪ ಕೊಡುಕೊಳ್ಳುವಿಕೆ ನಡೆದಿರಬಹುದು ಎಂಬುದು ಒಂದು ವಿವರಣೆ.

ಎಲ್ಲ ಹಾಟ್‌ಸ್ಪಾಟ್‌ಗಳಲ್ಲೂ ಹೀಲಿಯಂ-3 ಹೆಚ್ಚಿರುವುದಿಲ್ಲ. ಕುಕ್ ದ್ವೀಪಗಳ ಮಂಗಾಯಾದಲ್ಲಿ ಅನುಪಾತ 8ಕ್ಕಿಂತ ಕಡಿಮೆ. ಅಲ್ಲಿನ ಒಲಿವೀನ್‌ಗಳೊಳಗಿನ ಗಂಧಕದಲ್ಲಿ ಸಿಕ್ಕಿದ್ದು, ವಾತಾವರಣದಲ್ಲಿ ಆಮ್ಲಜನಕ ತುಂಬುವ ಮೊದಲಷ್ಟೇ ಸಾಧ್ಯವಿದ್ದ ಐಸೋಟೋಪ್ ಗುರುತು. ಅಂದರೆ 240 ಕೋಟಿ ವರ್ಷಕ್ಕೂ ಮೊದಲು ನೆಲದ ಮೇಲಿದ್ದ ವಸ್ತು ಫಲಕದೊಡನೆ ಆಳಕ್ಕಿಳಿದು ಮತ್ತೆ ಮೇಲೆ ಬಂದಿದೆ.

ದ್ವೀಪಸಾಲಿನಿಂದ ಫಲಕದ ವೇಗವನ್ನು ಲೆಕ್ಕ ಹಾಕುವುದು ಹೇಗೆ?

ಸುಲಭ. ಹವಾಯಿಯಲ್ಲಿ ಸದ್ಯ ಲಾವಾ ಉಗುಳುವ ಕಿಲವೇಯದಿಂದ ಅದೇ ಸಾಲಿನ ಕವಾಯ್ ದ್ವೀಪ ಸುಮಾರು 519 ಕಿ.ಮೀ. ದೂರದಲ್ಲಿದೆ, ಅದರ ವಯಸ್ಸು ಸುಮಾರು 51 ಲಕ್ಷ ವರ್ಷ. ದೂರವನ್ನು ಸೆಂ.ಮೀ.ಗೆ ಬದಲಿಸಿ ಭಾಗಿಸಿದರೆ ವರ್ಷಕ್ಕೆ 10.2 ಸೆಂ.ಮೀ. ಮಿಡ್‌ವೇ ಸುಮಾರು 2,430 ಕಿ.ಮೀ. ದೂರ, ವಯಸ್ಸು 2.77 ಕೋಟಿ ವರ್ಷ. ಉತ್ತರ 8.8 ಸೆಂ.ಮೀ. ಎರಡು ಉತ್ತರ ಒಂದೇ ಅಲ್ಲದಿರುವುದು ನಿಮ್ಮ ಲೆಕ್ಕದ ತಪ್ಪಲ್ಲ. ಫಲಕದ ವೇಗ ಬದಲಾಗುತ್ತದೆ, ಒಂದು ಜ್ವಾಲಾಮುಖಿ ಹತ್ತು ಲಕ್ಷ ವರ್ಷ ಬೆಳೆಯುವುದರಿಂದ ಯಾವ ಪದರದ ಕಲ್ಲು ಸಿಕ್ಕಿತು ಎಂಬುದರ ಮೇಲೂ ವಯಸ್ಸು ಆಡುತ್ತದೆ.

ಸಮುದ್ರದಡಿಯ ಕಲ್ಲಿನ ವಯಸ್ಸು ಹಿಡಿಯುವುದು ತುಸು ಮೋಸದ ಕೆಲಸ. ಉಪ್ಪುನೀರು ಕಲ್ಲಿನೊಳಗೆ ಪೊಟ್ಯಾಸಿಯಂ ತುಂಬುತ್ತದೆ, ಆರ್ಗಾನ್ ಸೋರುತ್ತದೆ. ಎರಡೂ ವಯಸ್ಸನ್ನು ಕಡಿಮೆ ತೋರಿಸುತ್ತವೆ. ಈಗ ಕೆಟ್ಟ ಭಾಗವನ್ನು ಆಮ್ಲದಲ್ಲಿ ತೊಳೆದು, ಹರಳುಗಳನ್ನು ಹಂತಹಂತವಾಗಿ ಕಾಯಿಸಿ, ಸತತ ಹಲವು ಹಂತಗಳು ಒಂದೇ ವಯಸ್ಸು ಕೊಟ್ಟರಷ್ಟೇ ಒಪ್ಪುತ್ತಾರೆ. ಹೀಗೆ ಮರು ಅಳೆದಾಗ ಹವಾಯಿ ಸಾಲು ಉತ್ತರಕ್ಕೆ ತಿರುಗಿ ಎಂಪರರ್ ಎಂಬ ಮುಳುಗಿದ ಬೆಟ್ಟಸಾಲಾಗುವ ತಿರುವಿನ ವಯಸ್ಸು ಹಳೆಯ ಪುಸ್ತಕಗಳ 4.3 ಕೋಟಿಯಿಂದ ಸುಮಾರು 4.7 ಕೋಟಿ ವರ್ಷಕ್ಕೆ ಏರಿತು.

ಆ ತಿರುವು ಏಕೆ? ಫಲಕ ದಿಕ್ಕು ಬದಲಿಸಿತೇ?

ಬಹಳ ಕಾಲ ಹಾಗೆಂದೇ ಬರೆಯುತ್ತಿದ್ದರು. 2001ರಲ್ಲಿ ಸಾಗರ ಕೊರೆತ ಹಡಗೊಂದು ಎಂಪರರ್ ಸಾಲಿನ ಮುಳುಗಿದ ಜ್ವಾಲಾಮುಖಿಗಳಿಂದ ಕಲ್ಲು ತೆಗೆದಾಗ ಕಥೆ ಬದಲಾಯಿತು. ಲಾವಾ ತಣಿಯುವಾಗ ಅದರ ಕಬ್ಬಿಣದ ಖನಿಜಗಳು ಭೂಮಿಯ ಕಾಂತಕ್ಷೇತ್ರದ ಓರೆಯನ್ನು ದಾಖಲಿಸಿಕೊಳ್ಳುತ್ತವೆ. ಸಮಭಾಜಕದಲ್ಲಿ ಓರೆ ಸೊನ್ನೆ, ಧ್ರುವದಲ್ಲಿ 90 ಡಿಗ್ರಿ. ಹಾಟ್‌ಸ್ಪಾಟ್ ಕದಲದೆ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಇದ್ದಿದ್ದರೆ ಸಾಲಿನ ಎಲ್ಲ ಕಲ್ಲುಗಳಲ್ಲೂ ಓರೆ ಸುಮಾರು 35 ಡಿಗ್ರಿ ಇರಬೇಕಿತ್ತು. 7.5 ಕೋಟಿ ವರ್ಷಕ್ಕೂ ಹಳೆಯ ಡೆಟ್ರಾಯಿಟ್ ಕಡಲಬೆಟ್ಟದ ಕಲ್ಲು 30 ಡಿಗ್ರಿಗಿಂತಲೂ ಉತ್ತರದಲ್ಲಿ ಹುಟ್ಟಿದ್ದನ್ನು ತೋರಿಸಿತು. ಅಂದರೆ ಪ್ಲೂಮ್ ಕೂಡ ದಕ್ಷಿಣಕ್ಕೆ ಸರಿದಿತ್ತು. ತಿರುವಿನಲ್ಲಿ ಫಲಕದ ಪಾಲೆಷ್ಟು, ಪ್ಲೂಮ್‌ನ ಪಾಲೆಷ್ಟು ಎಂಬುದರಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ.

ಇಲ್ಲಿ ಎಚ್ಚರ: ಒಂದು ಲಾವಾ ಪದರ ಒಂದು ಕ್ಷಣದ ಕಾಂತಕ್ಷೇತ್ರವನ್ನಷ್ಟೇ ಹಿಡಿದಿಡುತ್ತದೆ, ಆ ಕ್ಷೇತ್ರವೋ ಸದಾ ಅಲುಗಾಡುತ್ತಿರುತ್ತದೆ. ಸಾವಿರಾರು ವರ್ಷಗಳಲ್ಲಿ ಹರಿದ ಹತ್ತಾರು ಪದರಗಳ ಸರಾಸರಿ ಇಲ್ಲದೆ ಅಕ್ಷಾಂಶ ಹೇಳಿದರೆ ಅದು ಊಹೆಯೇ.

ಪ್ಲೂಮ್ ಇಲ್ಲದೆಯೂ ಫಲಕದ ನಡುವೆ ಜ್ವಾಲಾಮುಖಿ ಏಳಬಹುದೇ?

ಧಾರಾಳವಾಗಿ. ಅತಿ ಸ್ಪಷ್ಟವಾದದ್ದು 2006ರಲ್ಲಿ ನವೋಟೊ ಹಿರಾನೊ ಮತ್ತಿತರರು ವಿವರಿಸಿದ ‘ಪೆಟಿಟ್ ಸ್ಪಾಟ್’. ಜಪಾನ್ ಕಂದಕಕ್ಕೆ ಇಳಿಯುವ ಮೊದಲು ಹಳೆಯ, ತಣ್ಣಗಿನ ಪೆಸಿಫಿಕ್ ಫಲಕ ಮೇಲಕ್ಕೆ ಉಬ್ಬಿ ಬಾಗುತ್ತದೆ. ಬಾಗಿದಾಗ ಬಿರುಕು ಬಿಡುತ್ತದೆ. ಫಲಕದ ಅಡಿಯಲ್ಲಿ ಮೊದಲೇ ಇದ್ದ ಅಷ್ಟಿಷ್ಟು ಕರಗಿದ ಬಂಡೆ ಆ ಬಿರುಕುಗಳಲ್ಲಿ ಜಿನುಗಿ ಪುಟ್ಟ ಜ್ವಾಲಾಮುಖಿಗಳಾಗುತ್ತದೆ. ಹೆಚ್ಚುವರಿ ಶಾಖವೇ ಬೇಕಾಗಿಲ್ಲ.

ಇನ್ನೊಂದು ಬಗೆಯಲ್ಲಿ ದಪ್ಪ ಶಿಲಾಗೋಳ ಥಟ್ಟನೆ ತೆಳ್ಳಗಾಗುವ ಮೆಟ್ಟಿಲಿನ ಬಳಿ ತಣ್ಣಗಿನ ಬಂಡೆ ಇಳಿದು, ಅದರ ಪಕ್ಕದಲ್ಲಿ ಬಿಸಿ ಬಂಡೆ ಏರುತ್ತದೆ. ಆಗ್ನೇಯ ಆಸ್ಟ್ರೇಲಿಯಾದ ಎಳೆಯ ಜ್ವಾಲಾಮುಖಿಗಳಿಗೆ ಹೀಗೆ ಕಾರಣ ಕೊಡುತ್ತಾರೆ. ಅಲ್ಲಿನ ಮೌಂಟ್ ಗ್ಯಾಂಬಿಯರ್ ಸಿಡಿದು ಕೆಲವೇ ಸಾವಿರ ವರ್ಷಗಳಾಗಿವೆ.

ಪೆಕ್ತು ಬೇರೆಯದೇ ಜಾತಿ. ಸಾಮಾನ್ಯ ಶಕ 946ರಲ್ಲಿ ಅದು ಸಿಡಿದದ್ದು ಕಳೆದ ಎರಡು ಸಾವಿರ ವರ್ಷಗಳ ಅತಿ ದೊಡ್ಡ ಸ್ಫೋಟಗಳಲ್ಲಿ ಒಂದು. ಕಂದಕ ಸಾವಿರಕ್ಕೂ ಹೆಚ್ಚು ಕಿ.ಮೀ. ಪೂರ್ವಕ್ಕಿದ್ದರೂ, ಅಲ್ಲಿ ಇಳಿದ ಪೆಸಿಫಿಕ್ ಫಲಕ 410ರಿಂದ 660 ಕಿ.ಮೀ. ಆಳದ ನಡುವೆ ಮಲಗಿಕೊಂಡು ಈ ಪರ್ವತದ ಅಡಿಯವರೆಗೂ ಚಾಚಿದೆ. ಅದರಿಂದ ಬಿಡುಗಡೆಯಾಗುವ ನೀರು, ಅದು ಕಲಕಿದ ಮ್ಯಾಂಟಲ್ ಇಲ್ಲಿ ಮುಖ್ಯ ಎಂಬುದು ಹೆಚ್ಚಿನವರ ಅಭಿಪ್ರಾಯ.

ಎಲ್ಲ ಸಿದ್ಧಾಂತಗಳಿಗೂ ತಲೆನೋವು ಕೊಡುವುದು ಕ್ಯಾಮರೂನ್ ಸಾಲು. 1,600 ಕಿ.ಮೀ. ಉದ್ದ, ಅರ್ಧ ಸಮುದ್ರದಲ್ಲಿ, ಅರ್ಧ ಖಂಡದ ಮೇಲೆ. ಉದ್ದಕ್ಕೂ ಸಾಗಿದರೆ ವಯಸ್ಸಿನಲ್ಲಿ ಯಾವ ಕ್ರಮವೂ ಇಲ್ಲ. ನಿಂತ ಪ್ಲೂಮ್ ಮೇಲೆ ಫಲಕ ಸರಿದಿದ್ದರೆ ಹಾಗಾಗುವಂತಿಲ್ಲ.

ಪ್ಲೂಮ್‌ಗಳೇ ಇಲ್ಲ ಎನ್ನುವ ವಿಜ್ಞಾನಿಗಳೂ ಇದ್ದಾರಲ್ಲ?

ಇದ್ದಾರೆ. ಡಾನ್ ಆಂಡರ್ಸನ್ (2014ರಲ್ಲಿ ತೀರಿಕೊಂಡರು) ಮತ್ತು ಗಿಲಿಯನ್ ಫೌಲ್ಜರ್ ಅವರಲ್ಲಿ ಪ್ರಮುಖರು. ಫಲಕ ಎಳೆತಕ್ಕೆ ಸಿಕ್ಕಿ ಸೀಳಿದಲ್ಲಿ, ಸುಲಭವಾಗಿ ಕರಗುವ ಬಂಡೆ ಅಡಿಯಲ್ಲಿದ್ದರೆ ಸಾಕು, ತಳದ ಕಂಬ ಬೇಕಿಲ್ಲ ಎಂಬುದು ಅವರ ವಾದ. ಸಣ್ಣ ಪುಟ್ಟ ಎಷ್ಟೋ ತಾಣಗಳಿಗೆ ಈ ವಾದ ಹೊಂದುತ್ತದೆ, ಪ್ರತಿ ಬೆಟ್ಟಕ್ಕೂ ಒಂದು ಪ್ಲೂಮ್ ಕಟ್ಟಿಕೊಡುತ್ತಿದ್ದ ಚಾಳಿಗೆ ಅದು ಕಡಿವಾಣ ಹಾಕಿತು. ಆದರೆ ಹವಾಯಿಯಷ್ಟು ಲಾವಾ, ಅಷ್ಟು ಬಿಸಿ, ಸುತ್ತ ಸಾವಿರ ಕಿ.ಮೀ. ಅಗಲಕ್ಕೆ ಒಂದು ಕಿ.ಮೀ.ಯಷ್ಟು ಉಬ್ಬಿದ ಸಮುದ್ರತಳ, ಇವುಗಳನ್ನು ಬಿರುಕೊಂದರಿಂದ ವಿವರಿಸುವುದು ಕಷ್ಟ.

ಐಸ್‌ಲ್ಯಾಂಡ್ ಯಾವ ಪಂಗಡಕ್ಕೆ ಸೇರುತ್ತದೆ?

ಎರಡಕ್ಕೂ. ಅದು ಫಲಕಗಳ ಅಂಚಿನ ಮೇಲೂ ಇದೆ, ಅಡಿಯಲ್ಲಿ ಹೆಚ್ಚುವರಿ ಶಾಖವೂ ಇದೆ. ಬರೀ ಅಂಚಾಗಿದ್ದರೆ ಭೂಕವಚ 7 ಕಿ.ಮೀ. ದಪ್ಪ ಇರಬೇಕಿತ್ತು. ಅಲ್ಲಿ ಅದು 20ರಿಂದ 40 ಕಿ.ಮೀ.

ಯೆಲ್ಲೋಸ್ಟೋನ್ ಸ್ಫೋಟದ ‘ಗಡುವು ಮೀರಿದೆ’ ಎನ್ನುತ್ತಾರೆ. ಹೌದೇ?

ಇಲ್ಲ. ಮೂರು ಮಹಾಸ್ಫೋಟಗಳು ಸುಮಾರು 21 ಲಕ್ಷ, 13 ಲಕ್ಷ ಮತ್ತು 6.4 ಲಕ್ಷ ವರ್ಷಗಳ ಹಿಂದೆ ಆದವು. ಮೂರು ಘಟನೆಗಳ ನಡುವಿನ ಎರಡು ಅಂತರಗಳಿಂದ ವೇಳಾಪಟ್ಟಿ ಕಟ್ಟಲಾಗದು. ಶಿಲಾಪಾಕದ, ಅಂದರೆ ನೆಲದಡಿಯ ಕರಗಿದ ಬಂಡೆಯ, ಆಗರದಲ್ಲಿ ಕರಗಿದ ಭಾಗ ಕಾಲು ಪಾಲಿಗೂ ಕಡಿಮೆ ಎಂದು ಕಂಪನ ಅಧ್ಯಯನಗಳು ಹೇಳುತ್ತವೆ, ಮಿಕ್ಕದ್ದು ಹರಳುಗಳ ಗಟ್ಟಿ ರಾಶಿ. ಅಂಥದ್ದು ಸಲೀಸಾಗಿ ಚಿಮ್ಮುವುದಿಲ್ಲ. ಅಲ್ಲಿ ಕೊನೆಯ ಲಾವಾ ಹರಿದದ್ದು 70,000 ವರ್ಷಗಳ ಹಿಂದೆ.

ಇಂಥ ಜ್ವಾಲಾಮುಖಿ ಏಳುವ ಮುನ್ಸೂಚನೆ ಸಿಗುತ್ತದೆಯೇ?

ಮ್ಯಾಂಟಲ್‌ನಲ್ಲಿ ಕೋಟಿಗಟ್ಟಲೆ ವರ್ಷ ಹಿಡಿಯುವ ಪ್ರಯಾಣ ಕೊನೆಯ ಹಂತದಲ್ಲಿ ಥಟ್ಟನೆ ವೇಗ ಪಡೆಯುತ್ತದೆ. ಹವಾಯಿಯ ಹುಅಲಲಾಯ್‌ನ 1800–01ರ ಲಾವಾದಲ್ಲಿ ಆಳದ ಭಾರವಾದ ಕಲ್ಲುಗಳು ತುಂಡುತುಂಡಾಗಿ ಸಿಗುತ್ತವೆ. ಅವು ಕರಗಿದ ಬಸಾಲ್ಟ್‌ಗಿಂತ ಭಾರ, ಮುಳುಗಿ ಹೋಗಬೇಕಿತ್ತು. ಅವನ್ನು ಹೊತ್ತು ತರಲು ಶಿಲಾಪಾಕ ಸೆಕೆಂಡಿಗೆ ಅರ್ಧ ಮೀಟರ್‌ನಂತೆ ಏರಿದರೂ 60 ಕಿ.ಮೀ. ದಾರಿ ಒಂದೂವರೆ ದಿನದಲ್ಲಿ ಮುಗಿಯುತ್ತದೆ.

ಆದ್ದರಿಂದ ಕಾವಲುಗಾರರು ಆಳದ ಕಂಪನಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಹವಾಯಿಯ ಪಹಾಲಾ ಊರಿನ ಅಡಿಯಲ್ಲಿ ಶಿಲಾಪಾಕ ತುಂಬಿದ ಅಡ್ಡ ಹಾಳೆಗಳ ಸಮೂಹವೊಂದು 36–43 ಕಿ.ಮೀ. ಆಳದಲ್ಲಿರುವುದನ್ನು 2023ರಲ್ಲಿ ಸಣ್ಣ ಕಂಪನಗಳಿಂದಲೇ ಗುರುತಿಸಿದರು. ಐಫೆಲ್‌ನಲ್ಲಿ ಸುಮಾರು 13,000 ವರ್ಷಗಳ ಹಿಂದೆ ಲಾಹರ್ ಸೀ ಸಿಡಿದ ಮೇಲೆ ಅಂಥದ್ದೇನೂ ಆಗಿಲ್ಲ. ಆದರೂ 2013ರಿಂದ ಅದರ ಅಡಿಯಲ್ಲಿ 10 ಕಿ.ಮೀ.ಗಿಂತ ಆಳದ, ಕಡಿಮೆ ಆವರ್ತನದ ಕಂಪನಗಳು ದಾಖಲಾಗಿವೆ. ಹೀಗೆ ಕಂಪನ ಕಂಡರೆ ಸ್ಫೋಟ ಹತ್ತಿರ ಎಂದಲ್ಲ, ಆಳದಲ್ಲಿ ದ್ರವ ಸರಿದಾಡುತ್ತಿದೆ ಎಂದಷ್ಟೇ.

ಹತ್ತಿರ ಬಂದಾಗ ಲಕ್ಷಣ ಬದಲಾಗುತ್ತದೆ: ಕಂಪನಗಳು ದಿನೇ ದಿನೇ ಮೇಲಕ್ಕೇರುತ್ತವೆ, ನೆಲ ಉಬ್ಬುತ್ತದೆ. ಕೆನರಿ ದ್ವೀಪಗಳ ಲಾ ಪಾಲ್ಮಾದಲ್ಲಿ 2017ರಿಂದ ಆಗಾಗ ಆಳದ ಕಂಪನಗಳ ಗುಂಪು ಬಂದು ಹೋಗುತ್ತಿತ್ತು, ಏನೂ ಆಗುತ್ತಿರಲಿಲ್ಲ. 2021ರ ಸೆಪ್ಟೆಂಬರ್ 11ರಂದು ಶುರುವಾದ ಗುಂಪು ಮಾತ್ರ ಮೇಲೇರುತ್ತಾ ಹೋಯಿತು. ಸೆಪ್ಟೆಂಬರ್ 19ರಂದು ನೆಲ ಸೀಳಿತು, ಡಿಸೆಂಬರ್ 13ರವರೆಗೆ ಲಾವಾ ಹರಿಯಿತು. ಸಿಕ್ಕ ಸಮಯ ಎಂಟು ದಿನ.

ಲಾವಾ ಇಲ್ಲದೆಯೂ ಅಪಾಯ ಬರಬಹುದು. ಕ್ಯಾಮರೂನ್ ಸಾಲಿನ ನ್ಯೋಸ್ ಸರೋವರದ ತಳದ ನೀರಿನಲ್ಲಿ ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ಕರಗಿ ಕೂಡಿಕೊಂಡಿತ್ತು. 1986ರ ಆಗಸ್ಟ್ 21ರ ರಾತ್ರಿ ಅದು ಒಮ್ಮೆಲೇ ಹೊರನುಗ್ಗಿ ಕಣಿವೆಗಿಳಿಯಿತು, ಸುಮಾರು 1,700 ಜನ ಉಸಿರುಗಟ್ಟಿ ಸತ್ತರು. ಆಮೇಲೆ ಸರೋವರದ ತಳದವರೆಗೆ ಕೊಳವೆ ಇಳಿಸಿದರು. ಒಮ್ಮೆ ಪಂಪಿನಿಂದ ನೀರೆತ್ತಿ ಶುರುಮಾಡಿದರೆ ಸಾಕು, ಮೇಲೇರುವ ನೀರಿನಲ್ಲಿ ಅನಿಲದ ಗುಳ್ಳೆ ಎದ್ದು ಕಾರಂಜಿ ತನ್ನಷ್ಟಕ್ಕೇ ಚಿಮ್ಮುತ್ತಾ ಅನಿಲವನ್ನು ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತದೆ.